ಕುಣಿಗಲ್ಲಿನ ಅರವತ್ತು ಜನ

ನನ್ನ ಹೆಸರು ಮಂಗಳಗೌರಿ. ಗುಬ್ಬೀಲಿ ಒಂದು ಸರ್ಕಾರಿ ಆಫೀಸಿನಲ್ಲಿ ಕಟ್ಟಡದ ನಕ್ಷೆ ಬರೆಯೋದು ನನ್ನ ಕೆಲಸ. ಶಾಲೆ ಕೊಠಡಿ, ಆಸ್ಪತ್ರೆ ಕಾಂಪೌಂಡು, ಕಕ್ಕಸಿನ ಪ್ಲಾನು, ಎಲ್ಲಾ ನನ್ನ ಕೈ ದಾಟೇ ಹೋಗಬೇಕು. ಕೋಪಿಷ್ಠೆ ಅಂತ ಆಫೀಸಲ್ಲಿ ಹೆಸರು ತಗೊಂಡಿದೀನಿ. ಗೆರೆ ನೆಟ್ಟಗಿಲ್ಲ ಅಂದ್ರೆ ಕೋಪ ಬರದೆ ಇನ್ನೇನು ಬರುತ್ತೆ? ನಲವತ್ತು ದಾಟಿದ್ರೂ ಮದುವೆ ಆಗದೆ, ಬಾಡಿಗೆ ಮನೇಲಿ ಒಬ್ಳೇ ಇರೋ ಹೆಂಗಸಿಗೆ ಕೋಪ ಬಂದ್ರೆ ಜನ ಅದಕ್ಕೆ ಬೇರೆ ಕಾರಣ ಹೇಳ್ತಾರೆ. ಹೇಳ್ಕೊಳ್ಳಲಿ.

ನಾನು ಹೇಳ್ತಿರೋದು ಎರಡು ಸಾವಿರದ ಏಳನೇ ಇಸವಿ ಮಾತು, ಆಗ ನನಗೆ ನಲವತ್ತೊಂದು. ಅದರ ಹಿಂದಿನ ವರ್ಷ ಮನೆಗೊಂದು ಕಂಪ್ಯೂಟರ್ ತಂದು, ಟೆಲಿಫೋನ್ ಲೈನಿಗೆ ಬ್ರಾಡ್‌ಬ್ಯಾಂಡ್ ಇಂಟರ್‌ನೆಟ್ ಹಾಕ್ಸಿದ್ದೆ. ಬೆಳ್ಳಾವಿಯಿಂದ ಬಂದ ನಮ್ಮಣ್ಣ ಪುಟ್ಟರಂಗಯ್ಯ ಅದನ್ನ ಒಂದು ಸುತ್ತು ಹಾಕಿ ನೋಡಿ, ಇದರ ಬದಲು ಎರಡು ಬಳೆ ಮಾಡಿಸ್ಕೋಬಾರದಾಗಿತ್ತಾ ಅಂದ. ಬಳೆ ಹಾಕ್ಕೊಂಡು ಯಾರಿಗೆ ತೋರಿಸ್ಲಿ ಅಂತ ಬಾಯಿಗೆ ಬಂತು, ನುಂಗ್ಕೊಂಡೆ.

ಆ ಪೆಟ್ಟಿಗೆಯೊಳಗೆ ಏನೇನು ಸಿಗ್ತಿತ್ತು ಅಂತೀರಿ. ಯಾವುದೋ ದೇಶದಲ್ಲಿ ಹಳೇ ಪುಸ್ತಕದಂಗಡಿ ಇಟ್ಟಿರೋ ಒಬ್ಬ ಮುದುಕ, ಪುಸ್ತಕಗಳ ಮಧ್ಯೆ ಜನ ಮರೆತು ಬಿಟ್ಟ ಬಸ್ ಟಿಕೆಟ್ಟು, ಔಷಧಿ ಚೀಟಿ, ಒಣಗಿದ ಹೂವು ಎಲ್ಲದರ ಫೋಟೋ ತೆಗೆದು ಹಾಕ್ತಿದ್ದ. ಇನ್ನೊಬ್ಬ, ಪೌರಾಣಿಕ ಸಿನಿಮಾಗಳಲ್ಲಿ ರಾಜರ ಕೈಯಲ್ಲಿ ವಾಚು ಕಾಣಿಸಿದ ಜಾಗಗಳನ್ನ ಹುಡುಕಿ ಪಟ್ಟಿ ಮಾಡಿದ್ದ. ಕೆಟ್ಟುಹೋದ ಕೀಬೋರ್ಡನ್ನ ಸೋಪ್ ನೀರಲ್ಲಿ ತೊಳೆದು ಬಿಸಿಲಿಗೆ ಒಣಗಿಸಿದ್ರೆ ಸರಿಹೋಗುತ್ತೆ ಅಂತ ಒಬ್ಬ ಬರೆದಿದ್ದ. ಮಾಡಿ ನೋಡಿದೆ, ಸರಿಹೋಯ್ತು. ಕಟ್ಟಡದ ಪುಟಗಳಂತೂ ಊಟ ಮರೆಸ್ತಿದ್ವು. ಎರಡು ಮನೆ ಮಧ್ಯದ ಓಣಿಯಲ್ಲಿ, ಮಂಚ ಹಾಕೋ ಅಷ್ಟೇ ಅಗಲದಲ್ಲಿ ಯಾರೋ ಮೂರಂತಸ್ತಿನ ಮನೆ ಕಟ್ಟಿದ್ರು. ಆ ಮನೆಗೆ ಮೆಟ್ಟಿಲು ಎಲ್ಲಿಟ್ರು ಅಂತ ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ನಿಜ ಹೇಳ್ತೀನಿ, ಮೆಟ್ಟಿಲು ನೋಡಿ ಅತ್ತವಳು ನಾನು.

ಆದರೆ ಒಳ್ಳೇದನ್ನ ಒಬ್ರೇ ನೋಡಿ ಏನ್ಮಾಡೋದು? ಆಫೀಸಿನ ಪಕ್ಕದ ಟೇಬಲ್ಲಿನ ವೆಂಕಟರಂಗಯ್ಯನವರಿಗೆ ಆ ಮನೆ ವಿಚಾರ ಹೇಳಕ್ಕೆ ಹೋದೆ. ಪೂರ್ತಿ ಕೇಳಿಸ್ಕೊಂಡು, ಅದಕ್ಕೆ ಲೈಸೆನ್ಸ್ ಹೆಂಗೆ ಕೊಟ್ರಮ್ಮಾ ಅಂದ್ರು. ಅವತ್ತಿಂದ ಅವರಿಗೆ ಹೇಳೋದು ಬಿಟ್ಟೆ. ನನಗೆ ಬೇಕಾಗಿದ್ದು ಇಷ್ಟೇ: ನೋಡಿದ್ದನ್ನ ಹೇಳಿದ್ರೆ ಹೌದಾ ಅನ್ನೋಕೆ ಒಬ್ರು.

ಅದಕ್ಕೇ ಒಂದು ಬ್ಲಾಗ್ ಶುರು ಮಾಡಿದೆ. ‘ಶನಿವಾರ ಸಿಕ್ಕಿದ್ದು’ ಅಂತ ಹೆಸರು. ವಾರವಿಡೀ ಹುಡುಕಿದ್ದರಲ್ಲಿ ನಾಲ್ಕು ಆರಿಸಿ, ಒಂದು ಪುಸ್ತಕದ್ದು, ಒಂದು ಸಿನಿಮಾದ್ದು, ಒಂದು ಯಂತ್ರದ್ದು, ಒಂದು ಕಟ್ಟಡದ್ದು, ಶನಿವಾರ ಸಂಜೆ ಕನ್ನಡದಲ್ಲಿ ಬರೆದು ಹಾಕ್ತಿದ್ದೆ. ಕೆಳಗಡೆ ಎಷ್ಟು ಸಲ ಪುಟ ತೆಗೆದ್ರು ಅಂತ ತೋರಿಸೋ ಒಂದು ಕೌಂಟರ್ ಇತ್ತು. ದಿನಕ್ಕೆ ಮೂರು ತೋರಿಸ್ತಿತ್ತು. ಅದರಲ್ಲಿ ಎರಡು ನಾನೇ.

ಐದು ತಿಂಗಳು ಹಿಂಗೇ ನಡೀತು. ಒಂದು ದಿನ ನೋಡ್ತೀನಿ, ಐವತ್ತೆಂಟು. ಮಾರನೇ ದಿನ ಅರವತ್ತು. ಕೌಂಟರೇ ಕೆಟ್ಟಿದೆ ಅನ್ಕೊಂಡೆ. ಆ ವಾರವೇ ಒಂದು ಕಾಮೆಂಟೂ ಬಂತು. ‘ದಿನಾ ನಿಮ್ಮ ಪೇಜ್ ತೆಗೀತೀವಿ ಮೇಡಂ. ಬಹಳ ಉಪಯೋಗ ಆಗ್ತಾ ಇದೆ. ದಯವಿಟ್ಟು ನಿಲ್ಲಿಸಬೇಡಿ. ಗಂಗಾಧರ್, ಬಸ್ ಸ್ಟ್ಯಾಂಡ್ ಎದುರು, ಕುಣಿಗಲ್.’

ಅದನ್ನ ಎಷ್ಟು ಸಲ ಓದಿದೆನೋ ಕಾಣೆ. ತೆಗೀತೀನಿ ಅಂದಿಲ್ಲ, ತೆಗೀತೀವಿ ಅಂದಿದಾರೆ. ಅಂದ್ರೆ ಒಂದು ಗುಂಪೇ ಇರಬೇಕು ಅನ್ಕೊಂಡೆ. ರಿಟೈರ್ಡ್ ಮೇಷ್ಟ್ರೊಬ್ರು, ಕಾಲೇಜಿನ ಲೆಕ್ಚರರ್‌ಗಳು, ನನ್ನಂಥ ಒಬ್ಳು ಹೆಂಗಸು, ಎಲ್ಲಾ ಸೇರಿ ಕೂತು ನೋಡ್ತಾರೆ ಅಂತ ನಾನೇ ಚಿತ್ರ ಬರ್ಕೊಂಡೆ. ಏನಾದ್ರೂ ಚೆನ್ನಾಗಿರೋದು ಸಿಕ್ಕಿದ ತಕ್ಷಣ, ಇದು ಕುಣಿಗಲ್ಲಿನವರಿಗೆ ಇಷ್ಟ ಆಗುತ್ತೆ ಅಂತ ಎತ್ತಿಡ್ತಿದ್ದೆ. ಆಫೀಸಲ್ಲಿ ಗದರೋದು ಕಮ್ಮಿ ಆಯ್ತು. ಮೈ ಹುಷಾರಿಲ್ವಾ ಅಂತ ವೆಂಕಟರಂಗಯ್ಯನವರು ಕೇಳಿದ್ರು.

ಒಂದೇ ಕೊರತೆ, ಆಮೇಲೆ ಯಾರೂ ಏನೂ ಬರೀಲಿಲ್ಲ. ಆ ಓಣಿ ಮನೆ ಮೆಟ್ಟಿಲು ಇಷ್ಟ ಆಯ್ತಾ ಹೇಳಿ ಅಂತ ಕೇಳಿದ್ರೂ ಉತ್ತರ ಇಲ್ಲ. ಸಂಕೋಚದ ಜನ, ನಾವೇ ಹೋಗಿ ಮಾತಾಡಿಸಬೇಕು ಅನ್ಕೊಂಡು ಒಂದು ಭಾನುವಾರ ಹೊರಟೆ. ಬರಿಗೈಲಿ ಹೋಗೋದು ಬೇಡ ಅಂತ, ಆ ಓಣಿ ಮನೆಯ ನಕ್ಷೆಯನ್ನ ಅಂದಾಜಿನ ಮೇಲೆ ಟ್ರೇಸಿಂಗ್ ಹಾಳೆಯಲ್ಲಿ ನಾನೇ ಬರೆದಿದ್ದೆ. ಹದಿನೈದು ದಿನದ ಕೆಲಸ ಅದು. ಆ ಮನೆ ಬಗ್ಗೆ ಮೂರು ಶನಿವಾರ ಬರೆದಿದ್ದೆ, ನೋಡಿದ ಕೂಡಲೇ ಗುರುತು ಹಿಡೀತಾರೆ ಅಂತ ಗೊತ್ತಿತ್ತು. ಇಳಕಲ್ ಸೀರೆ ಉಟ್ಟೆ. ತುಮಕೂರಲ್ಲಿ ಬಸ್ ಬದಲಾಯಿಸಿ ಹೆಬ್ಬೂರು ಮೇಲೆ ಕುಣಿಗಲ್ಲಿಗೆ ಹೋಗೋವರೆಗೂ ಹಾಳೆ ಮಡಿಕೆ ಬೀಳಬಾರದು ಅಂತ ಎದೆಗೆ ಒರಗಿಸ್ಕೊಂಡೇ ಕೂತಿದ್ದೆ.

ಬಸ್ ಸ್ಟ್ಯಾಂಡ್ ಎದುರು ಗಂಗಾಧರ್ ಅಂದ್ರೆ ಯಾರು ಅಂತ ಕೇಳಿದ್ದಕ್ಕೆ, ಮಹಡಿ ಮೇಲಿನ ಸೈಬರ್ ಸೆಂಟರ್ ತೋರಿಸಿದ್ರು. ಮೂವತ್ತರ ಆಸುಪಾಸಿನ ಮನುಷ್ಯ, ನಗುಮುಖ. ನಾನು ‘ಶನಿವಾರ ಸಿಕ್ಕಿದ್ದು’ ಬರೆಯೋಳು ಅಂದೆ. ಒಂದು ಕ್ಷಣ ಹೊಳೀಲಿಲ್ಲ. ಆಮೇಲೆ, ಓ, ಹೋಮ್ ಪೇಜ್ ಮೇಡಮ್ಮಾ ಅಂತ ಎದ್ದು ನಿಂತು ಕುರ್ಚಿ ಒರೆಸಿ ಕೂರಿಸಿ ಟೀ ತರಿಸಿದ್ರು.

ಪ್ಲೈವುಡ್ ಗೂಡುಗಳಲ್ಲಿ ಎಂಟು ಕಂಪ್ಯೂಟರ್. ಖಾಲಿ ಇದ್ದ ಐದರಲ್ಲೂ ನನ್ನ ಪುಟವೇ ತೆರೆದಿತ್ತು. ನಕ್ಷೆ ಬಿಚ್ಚಿ ಅವರ ಮುಂದೆ ಹರಡಿದೆ.

ಗಂಗಾಧರ್ ಭಕ್ತಿಯಿಂದ ನೋಡಿದ್ರು. “ಚೆನ್ನಾಗಿದೆ ಮೇಡಂ. ಸೈಟು ಎಲ್ಲಿ ತಗೊಂಡ್ರಿ?”

ಮೊದಲು ತಮಾಷೆ ಅನ್ಕೊಂಡೆ. ಮುಖ ನೋಡಿದೆ, ತಮಾಷೆ ಅಲ್ಲ. ನೀವು ನನ್ನ ಪುಟ ಓದಲ್ವಾ ಅಂತ ಕೇಳಿದೆ. ಆ ಮನುಷ್ಯನಿಗೆ ಮುಚ್ಚುಮರೆ ಅನ್ನೋದೇ ಇಲ್ಲ, ಎಲ್ಲಾ ಬಿಡಿಸಿ ಹೇಳಿದ್ರು. ಅವರ ಕಂಪ್ಯೂಟರ್‌ಗಳಲ್ಲಿ ಕನ್ನಡ ಅಕ್ಷರ ಆಗಾಗ ಕೆಟ್ಟು ಬರೀ ಚೌಕ ಚೌಕ ಬರ್ತಿತ್ತಂತೆ. ಯಾರೋ ಗಿರಾಕಿ ತೆಗೆದಿದ್ದ ನನ್ನ ಪುಟ ಸರಿಯಾಗಿ ಕಾಣಿಸ್ತಂತೆ. ಅದನ್ನೇ ಎಂಟಕ್ಕೂ ಹಾಕಿಟ್ರಂತೆ, ಯಾವ ಗಿರಾಕಿ ಇಂಟರ್‌ನೆಟ್ ತೆಗೆದ್ರೂ ಮೊದಲು ಅದೇ ಬರೋ ಹಂಗೆ. ದಿನಕ್ಕೆ ಐವತ್ತು ಅರವತ್ತು ಗಿರಾಕಿ ಬರ್ತಾರಂತೆ. ಅಕ್ಷರ ಸರಿ ಬಂದ್ರೆ ಕಂಪ್ಯೂಟರ್ ಸರಿಯಿದೆ ಅಂತ ಅರ್ಥ. ವಾರ ಆದ್ಮೇಲೂ ಹಳೇ ಪುಟವೇ ಕಾಣಿಸಿದ್ರೆ ನೆಟ್ ಬಂದಿಲ್ಲ, ಒಳಗಡೆ ಉಳಿದಿದ್ದನ್ನೇ ತೋರಿಸ್ತಿದೆ ಅಂತ ಅರ್ಥ.

“ಅದಕ್ಕೇ ನಿಲ್ಲಿಸಬೇಡಿ ಅಂತ ಬರೆದೆ ಮೇಡಂ. ವಾರಕ್ಕೊಂದ್ಸಲ ಹೊಸದು ಬರುತ್ತಲ್ಲ, ನಮಗೆ ಬಹಳ ಅನುಕೂಲ.”

ಮುಖಕ್ಕೆ ಹೊಡೆದಂಗಾಯ್ತು. ಕೋಪ ಮಾಡ್ಕೊಳ್ಳೋಣ ಅಂದ್ರೆ ಯಾರ ಮೇಲೆ? ಅವರು ಒಂದು ಸುಳ್ಳನ್ನೂ ಹೇಳಿರಲಿಲ್ಲ. ಮೇಷ್ಟ್ರು, ಲೆಕ್ಚರರ್, ನನ್ನಂಥವಳು, ಎಲ್ಲರನ್ನೂ ಹುಟ್ಟಿಸಿದವಳು ನಾನೇ. ಆದ್ರೂ ಆಸೆ ಬಿಡಲಿಲ್ಲ. ಯಾರಾದ್ರೂ ಒಬ್ರು ಓದೇ ಓದ್ತಾರೆ ಅಂತ ಅಲ್ಲೇ ಒಂದು ಗಂಟೆ ಕೂತೆ. ಒಬ್ಬೊಬ್ರೇ ಬರೋರು, ಕೂರೋರು, ನನ್ನ ಮೊದಲನೇ ಸಾಲು ಪೂರ್ತಿ ಮೂಡೋದ್ರೊಳಗೆ ಬೇರೆ ಪುಟಕ್ಕೆ ಹೋಗೋರು. ಮೂಲೆಯಲ್ಲಿ ಒಬ್ಳು ಹುಡುಗಿ ಮಾತ್ರ ನನ್ನ ಪುಟ ಬದಲಾಯಿಸದೆ ಬಹಳ ಹೊತ್ತು ತಲೆ ಬಗ್ಗಿಸಿ ಕೂತಿದ್ಲು. ತಡೀಲಾರದೆ ಎದ್ದು ಹೋಗಿ ಇಣುಕಿದೆ. ಮಡಿಲಲ್ಲಿ ಮೊಬೈಲ್ ಇಟ್ಕೊಂಡು ಯಾರಿಗೋ ಮೆಸೇಜ್ ಒತ್ತುತಾ ಇದ್ಲು.

ಹೊರಡುವಾಗ ಗಂಗಾಧರ್ ಫೋನ್ ನಂಬರ್ ಕೇಳಿದ್ರು, ಕೊಟ್ಟೆ. ಕಟ್ಟಡದ ಫೋಟೋ ಕಮ್ಮಿ ಮಾಡಿದ್ರೆ ಪೇಜ್ ಬೇಗ ಬರುತ್ತೆ ಅಂತ ವಿನಯವಾಗಿ ಹೇಳಿದ್ರು. ಆಯ್ತು ಅಂದೆ. ನಕ್ಷೆ ವಾಪಸ್ ಸುತ್ಕೊಂಡು ಬಂದೆ. ಬಸ್ಸಲ್ಲಿ ಅದಕ್ಕೆ ಮಡಿಕೆ ಬಿತ್ತು, ನಾನು ಗಮನಿಸ್ಲಿಲ್ಲ.

ಆ ಶನಿವಾರ ಬರೀಲಿಲ್ಲ. ಮುಂದಿನ ಶನಿವಾರವೂ ಇಲ್ಲ. ಆಫೀಸಲ್ಲಿ ಮತ್ತೆ ಗದರೋಕೆ ಶುರು ಮಾಡಿದೆ, ಈಗ ಹುಷಾರಾದ್ರಿ ಅಂತ ವೆಂಕಟರಂಗಯ್ಯನವರು ಸಮಾಧಾನ ಪಟ್ಕೊಂಡ್ರು. ಮೂರನೇ ವಾರ ಸೋಮವಾರ ಸಾಯಂಕಾಲ ಮನೆ ಫೋನ್ ಹೊಡ್ಕೊಂತು. ಗಂಗಾಧರ್. ಎರಡು ವಾರದಿಂದ ಪುಟ ಬದಲಾಗಿಲ್ಲ, ನೆಟ್ ಹೋಗಿದೆ ಅಂತ ಲೈನ್‌ಮನ್ ಕರೆಸಿ ಕಂಬ ಹತ್ತಿಸಿ ಅವನ ಹತ್ರ ಬೈಸ್ಕೊಂಡೆ ಅಂದ್ರು.

“ಏನಾದ್ರೂ ಹಾಕಿ ಮೇಡಂ. ನಾಲ್ಕೇ ಸಾಲಾದ್ರೂ ಸಾಕು.”

ಫೋನಿಟ್ಟು ಕಂಪ್ಯೂಟರ್ ಮುಂದೆ ಕೂತೆ. ಓದೋರು ಯಾರೂ ಇಲ್ಲ ಅಂತ ಗೊತ್ತಿದ್ದಕ್ಕೋ ಏನೋ, ಎಂದೂ ಇಲ್ಲದ ಧೈರ್ಯ ಬಂತು. ಒಂದೇ ಉಸಿರಿಗೆ ಬರೆದೆ: ‘ಈ ವಾರ ಏನೂ ಸಿಕ್ಕಿಲ್ಲ. ನನ್ನ ಹೆಸರು ಮಂಗಳಗೌರಿ, ಗುಬ್ಬೀಲಿ ಇದೀನಿ. ನಿನ್ನೆ ಇಡೀ ದಿನ ನಾನು ಯಾರ ಜೊತೇನೂ ಮಾತಾಡಿಲ್ಲ. ಚೆನ್ನಾಗಿರೋದು ಏನಾದ್ರೂ ಕಂಡ್ರೆ, ನೋಡು ಅನ್ನಕ್ಕೆ ಈಗಲೂ ಪಕ್ಕಕ್ಕೆ ತಿರುಗ್ತೀನಿ. ಪಕ್ಕದಲ್ಲಿ ಗೋಡೆ ಇದೆ. ನನಗೆ ಬಹಳ ಒಂಟಿ ಅನ್ಸುತ್ತೆ. ಇದನ್ನ ಯಾರಾದ್ರೂ ಓದಿದ್ರೆ ಒಂದು ಮಾತು ಬರೀರಿ.’

ಹಾಕಿಬಿಟ್ಟೆ. ಅಳಿಸೋಣ ಅಂತ ಎರಡು ಸಲ ಎದ್ದು ಹೋದೆ, ಅಳಿಸ್ಲಿಲ್ಲ. ಮಾರನೇ ದಿನ ಆಫೀಸಿಂದ ಬಂದವಳೇ ಚಪ್ಪಲಿ ಕೂಡ ಬಿಡದೆ ಕಂಪ್ಯೂಟರ್ ಆನ್ ಮಾಡಿದೆ. ಕೌಂಟರ್ ಅರವತ್ನಾಲ್ಕು ತೋರಿಸ್ತಿತ್ತು. ಕಾಮೆಂಟ್ ಒಂದೂ ಇರಲಿಲ್ಲ.

ಅಷ್ಟರಲ್ಲಿ ಫೋನ್ ಬಂತು. ಥ್ಯಾಂಕ್ಸ್ ಮೇಡಂ ಅಂದ್ರು ಗಂಗಾಧರ್. ಎಂಟರಲ್ಲೂ ಚೆನ್ನಾಗಿ ಬರ್ತಾ ಇದೆ, ಫೋಟೋ ಇಲ್ಲದ್ದಕ್ಕೆ ಬೇಗ ಬರ್ತಾ ಇದೆ, ಒಂದಕ್ಷರವೂ ಕೆಟ್ಟಿಲ್ಲ ಅಂದ್ರು.

“ಏನ್ ಬರೆದಿದೀನಿ ನೋಡಿದ್ರಾ?” ಅಂತ ಕೇಳಿದೆ.

“ಇಲ್ಲ ಮೇಡಂ, ಗಿರಾಕಿ ಇದ್ರು. ನೋಡ್ಬೇಕಿತ್ತಾ?”

ಇನ್ನೂ ಕಾಲಲ್ಲೇ ಇದ್ದ ಚಪ್ಪಲಿ ಬಿಟ್ಟೆ. ಅವರು ಫೋನ್ ಇಡದೆ ಕಾಯ್ತಾ ಇದ್ರು.

“ಏನಿಲ್ಲ ಬಿಡಿ,” ಅಂದೆ. “ಶನಿವಾರ ಬದಲಾಯಿಸ್ತೀನಿ.”