ಅತ್ತೆ ಕಿತ್ತ ಹುಲ್ಲು

ಪ್ರಯೋಗಾಲಯದಲ್ಲಿ ಅವಳಿಗೆ ಹುಲ್ಲಕ್ಕ ಎಂದೇ ಹೆಸರು. ಇಟ್ಟವರು ತಮಾಷೆಗೆ ಇಟ್ಟರು, ಅವಳು ಬಿರುದು ಸಿಕ್ಕವಳ ಹಾಗೆ ಮೆರೆದಳು. ಕಣಿವೆಯ ಒಂದು ಹುಲ್ಲು, ಬೆಟ್ಟದ ನೆತ್ತಿಯ ಒಂದು ಹುಲ್ಲು. ಪಕ್ಕಪಕ್ಕ ಇಟ್ಟರೆ ಹೆತ್ತ ತಾಯಿಗೂ ಗುರುತು ಸಿಗದು. ಆದರೆ ಬೇರಿನ ತುದಿಗೆ ಬಣ್ಣ ಹಾಕಿ, ಗಾಜಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಟ್ಟು ರಟ್ಟು. ಕಣಿವೆಯದರ ಜೀವಕೋಶದಲ್ಲಿ ಏಳೇಳರ ಎರಡು ಕಟ್ಟು, ಒಟ್ಟು ಹದಿನಾಲ್ಕು ವರ್ಣತಂತು. ಬೆಟ್ಟದ್ದರಲ್ಲಿ ನಾಲ್ಕು ಕಟ್ಟು, ಇಪ್ಪತ್ತೆಂಟು. ಚಳಿ ತಡೆಯುವ ಕಸುವು ಬಂದದ್ದೇ ಆ ಹೆಚ್ಚಿನ ಕಟ್ಟುಗಳಿಂದ ಎನ್ನುವುದು ಅವಳ ವಾದ.

ಅವಳ ಸಂಶೋಧನೆ ನೋಡಿಕೊಳ್ಳುವ ಮೇಷ್ಟ್ರು ಒಪ್ಪಬೇಕಲ್ಲ! "ಯಾವ ಹುಲ್ಲು ಎಲ್ಲೀದು ಅಂತ ನಿಂಗೆ ಮೊದಲೇ ಗೊತ್ತು. ಗೊತ್ತಿರೋ ಕಣ್ಣಿಗೆ ಬೇಕಾದ್ದೇ ಕಾಣುತ್ತೆ. ಈ ಚಳಿಗಾಲದೊಳಗೆ ನಂಬೋ ಹಾಗೆ ತೋರಿಸು, ಇಲ್ಲಾಂದ್ರೆ ಪ್ರಯೋಗಾಲಯದಲ್ಲಿ ನಿನ್ನ ಜಾಗ ಬೇರೆಯವರಿಗೆ ಕೊಡ್ಬೇಕಾಗುತ್ತೆ," ಎಂದಿದ್ದರು.

ಹಾಗಾಗಿ ಮನೆಯ ತಾರಸಿ ತುಂಬ ಕುಂಡಗಳು, ಕುಂಡಕ್ಕೊಂದು ಗುರುತಿನ ಕಡ್ಡಿ. ಹಿಮ ಬೀಳುವುದೊಂದೇ ಬಾಕಿ. ಅಷ್ಟರಲ್ಲಿ ಸೊಸೆಗೆ ಸಹಾಯ ಮಾಡಲೆಂದು ಅತ್ತೆ ಬಂದಿಳಿದರು. ಕೈಕಟ್ಟಿ ಕೂತು ಗೊತ್ತಿಲ್ಲದ ಜೀವ. ಸಂಜೆ ಹುಲ್ಲಕ್ಕ ಮನೆಗೆ ಬಂದಾಗ ಕುಂಡಗಳನ್ನೆಲ್ಲ ತೊಳೆದು ಬೋರಲು ಹಾಕಿತ್ತು, ಕಡ್ಡಿಗಳು ಕಸದ ಗಾಡಿ ಹತ್ತಿದ್ದವು, ಹುಲ್ಲು ಮೂಲೆಯಲ್ಲಿ ಗುಡ್ಡೆ ಬಿದ್ದಿತ್ತು.

"ಎಷ್ಟೊಂದು ಕಳೆ ಬೆಳೆಸಿದ್ದೀಯೇ! ನಿಂಗೆಲ್ಲಿ ಪುರುಸೊತ್ತು ಅಂತ ನಾನೇ ಕಿತ್ತುಹಾಕ್ದೆ," ಎಂದರು ಅತ್ತೆ, ಹೊಗಳಿಕೆಗೆ ಕಾದ ಮುಖದಲ್ಲಿ.

ಸೊಸೆ ಮೆಟ್ಟಿಲ ಮೇಲೆ ಕುಸಿದು ಅತ್ತಳು. ವಿಷಯ ತಿಳಿದ ಅತ್ತೆ ಅವಳಿಗಿಂತ ಜೋರಾಗಿ ಅತ್ತರು. ಇಬ್ಬರೂ ಅತ್ತು ಸುಸ್ತಾದ ಮೇಲೆ ಹುಲ್ಲಕ್ಕನಿಗೆ ತಟ್ಟನೆ ಹೊಳೆಯಿತು. ಈಗ ಯಾವ ಹುಲ್ಲು ಎಲ್ಲಿಯದೆಂದು ಅವಳಿಗೂ ಗೊತ್ತಿಲ್ಲ! ಮೇಷ್ಟ್ರಿಗೆ ಬೇಕಾಗಿದ್ದೂ ಇದೇ ಅಲ್ಲವೇ?

"ಏಳಿ ಅತ್ತೆ, ಏಳಿ! ಎಲ್ಲಾ ವಾಪಸ್ ನೆಡೋಣ," ಎಂದು ಕೈಹಿಡಿದು ಎಬ್ಬಿಸಿದಳು.

ಅತ್ತೆ ಒಂದೊಂದೇ ಬುಡವನ್ನು ಮರದ ಪೆಟ್ಟಿಗೆಯಲ್ಲಿ ನೆಟ್ಟು, ಪಕ್ಕಕ್ಕೆ ಅಂಕಿ ಬರೆದ ಹೊಸ ಕಡ್ಡಿ ಚುಚ್ಚಿದರು. ಹೊಸ ಬೇರು ಬಂದಾಗ ಸೊಸೆ ಅದರ ತುದಿ ಕತ್ತರಿಸಿ, ತಾನು ಎಣಿಸದೆ ಅದೇ ಅಂಕಿಯ ಸೀಸೆಯಲ್ಲಿ ಮುಚ್ಚಿಟ್ಟಳು. ಆಮೇಲೆ ತಾರಸಿಯ ಪೆಟ್ಟಿಗೆಯ ಮೇಲೆ ಹಿಮ ಬಿತ್ತು, ಬೇಕಾದಷ್ಟು ಬಿತ್ತು.

ಹಿಮ ಕರಗಿದ ಮೇಲೆ ಅತ್ತೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಪ್ರಯೋಗಾಲಯದಲ್ಲೇ ಬಂದು ಕೂತರು. ಹುಲ್ಲಕ್ಕ ಸೀಸೆಯ ಅಂಕಿ ಹೇಳಿ ಗಾಜು ಕೊಡುವುದು, ಮೇಷ್ಟ್ರು ತಾವೇ ಎಣಿಸುವುದು, ಅತ್ತೆ ಆ ಅಂಕಿಯ ಬುಡ ನೋಡಿ ಹೇಳುವುದು.

"ಇಪ್ಪತ್ತೆಂಟು."

"ಹಸಿರಾಗಿದೆ ಸಾರ್!"

"ಹದಿನಾಲ್ಕು."

"ಒಣಗಿಹೋಗಿದೆ!"

ಗಾಜಿನ ಮೇಲೆ ಗಾಜು ಬದಲಾಯಿತು, ಲೆಕ್ಕ ಒಂದೂ ತಪ್ಪಲಿಲ್ಲ. ಅತ್ತೆಯ ದನಿ ಹರಾಜು ಕೂಗುವವರಂತೆ ಏರಿತು. ಹುಲ್ಲಕ್ಕನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೊನೆಯ ಗಾಜಿಗೆ ಮೇಷ್ಟ್ರು "ಹದಿನಾಲ್ಕು" ಎಂದರು.

ಅತ್ತೆ ಆ ಅಂಕಿಯ ಬುಡದ ಮೇಲೆ ಮೆಲ್ಲಗೆ ಅಂಗೈ ಮುಚ್ಚಿದರು. "ಒಣಗಿದೆ," ಎಂದರು, ಸೊಸೆಯ ಮುಖ ನೋಡದೆ.

ಬೆರಳ ಸಂದಿಯಿಂದ ಒಂದು ಹಸಿರು ಎಸಳು ಇಣುಕುತ್ತಿತ್ತು. ಹುಲ್ಲಕ್ಕನ ಕಣ್ಣಿಗೆ ಅದು ಬಿತ್ತು. ಸುಮ್ಮನಿದ್ದರೆ ಗೆದ್ದಂತೆಯೇ. ಅವಳಿಗೆ ಅತ್ತೆಯ ಮೇಲೆ ಪ್ರೀತಿಯೂ ಉಕ್ಕಿತು.

"ಇಲ್ಲ ಸರ್," ಎಂದು ಆ ಕೈಯನ್ನು ಎತ್ತಿ ತನ್ನ ಕೈಯಲ್ಲಿ ಹಿಡಿದುಕೊಂಡಳು. "ಇದು ಬದುಕಿದೆ."

ಮೇಷ್ಟ್ರು ಎದ್ದು ಬಂದು ಬಗ್ಗಿ ನೋಡಿದರು. ಎಸಳನ್ನು ಮುಟ್ಟಿದರು. ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದರು.

"ಅಬ್ಬಾ, ಈಗ ನಂಬಿಕೆ ಬಂತು! ಒಂದೂ ತಪ್ಪದಿದ್ರೆ ಅತ್ತೆ ಸೊಸೆ ಸೇರಿ ನಂಗೆ ಟೋಪಿ ಹಾಕ್ತಿದ್ದೀರಿ ಅಂತಿದ್ದೆ. ಇದೊಂದು ಯಾಕೆ ಉಳೀತು ಅಂತ ನೋಡೋಕೆ ಇನ್ನೊಂದು ಚಳಿಗಾಲ ಬೇಕಲ್ಲಮ್ಮ. ನಿನ್ನ ಜಾಗ ಎಲ್ಲೂ ಹೋಗಲ್ಲ."