ನೆತ್ತಿ ಕಾಣುವ ತಲೆ

ಕಂಪ್ಯೂಟರಿನ ಪರದೆಯ ಮೇಲೆ ಅಜ್ಜಿಯೊಬ್ಬಳ ತಲೆ ಮೂರು ವಾರದಿಂದ ತಿರುಗುತ್ತಿತ್ತು. ಮುಖಕ್ಕೆ ಯಾರೂ ಹೆಸರಿಡುವಂತಿರಲಿಲ್ಲ. ಕಣ್ಣಿನ ಕೆಳಗೆ ಜೋತುಬಿದ್ದ ಚರ್ಮ, ಹಲ್ಲಿಲ್ಲದ ಬಾಯಿಯ ಸುತ್ತಲಿನ ನೆರಿಗೆ, ಜಗ್ಗಿದ ಕಿವಿಯ ಹಾಲೆ, ಎಲ್ಲವೂ ಈಗಲೋ ಆಗಲೋ ಮಾತಾಡಿಬಿಡುತ್ತಾಳೆ ಎನ್ನುವಂತೆ ಬಂದಿದ್ದವು. ಕೂದಲು ಮಾತ್ರ ಜಪ್ಪಯ್ಯ ಅಂದರೂ ಅವಳದಾಗುತ್ತಿರಲಿಲ್ಲ.

ಅದನ್ನು ರೂಪಿಸುತ್ತಿದ್ದವಳನ್ನು ಆ ಅನಿಮೇಷನ್ ಸ್ಟುಡಿಯೋದಲ್ಲಿ ಎಲ್ಲರೂ ಚೌರಿ ಅಕ್ಕ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷ ನಾಟಕದವರಿಗೂ ಕಾಯಿಲೆಯಲ್ಲಿ ಕೂದಲು ಕಳೆದುಕೊಂಡವರಿಗೂ ವಿಗ್ ಕಟ್ಟಿಕೊಟ್ಟು, ನಲವತ್ತು ದಾಟಿದ ಮೇಲೆ ಪರದೆಯ ಮೇಲೆ ಶಿಲ್ಪ ಕಡೆಯುವುದನ್ನು ಕಲಿತವಳು. ಹಾಗಾಗಿ ಅಜ್ಜಿಯ ಕೂದಲಿನ ಕೆಲಸ ಬಂದಾಗ ಚಿತ್ರದ ನಿರ್ದೇಶಕ ಬೇರೆ ಯಾರ ಮುಖವನ್ನೂ ನೋಡದೆ ಅವಳ ಕೈಗೇ ಒಪ್ಪಿಸಿದ್ದ.

ಅವಳು ಮೊದಲು ತನಗೆ ಗೊತ್ತಿದ್ದ ದಾರಿಯಲ್ಲೇ ಹೋದಳು. ಕತ್ತಿನ ಹಿಂಬದಿಯಿಂದ ಶುರುಮಾಡಿ, ವಿಗ್ಗಿನ ಬಲೆಗೆ ಕೂದಲು ಗಂಟು ಹಾಕಿದ ಹಾಗೆ, ಎಳೆ ಎಳೆಯಾಗಿ ಮೇಲಕ್ಕೇರಿದಳು. ನಲವತ್ತು ಸಾವಿರ ಎಳೆ ದಾಟುವಷ್ಟರಲ್ಲಿ ಕಂಪ್ಯೂಟರ್ ಕೈಚೆಲ್ಲಿತು. ಅದನ್ನೆಲ್ಲ ಅಳಿಸಿ, ಈ ಕೆಲಸದವರು ಮಾಡುವಂತೆ ಮೊದಲು ಮಣ್ಣಿನ ಮುದ್ದೆಯಂಥ ದೊಡ್ಡ ಆಕಾರ, ಆಮೇಲೆ ಜೊಂಪೆ, ಆಮೇಲೆ ಎಳೆ, ಕೊನೆಗೆ ಹಾರಾಡುವ ನಾಲ್ಕು ಕೂದಲು ಎಂದು ಹಂತ ಹಂತವಾಗಿ ಬಂದಳು. ಎಷ್ಟೋ ವಾಸಿಯಾಯಿತು. ಆದರೂ ಕೂದಲು ತಲೆಯಿಂದ ಹುಟ್ಟಿದ ಹಾಗಿರಲಿಲ್ಲ, ತಲೆಯ ಮೇಲೆ ಬಂದು ಕೂತ ಹಾಗಿತ್ತು.

"ಅಕ್ಕ, ನಿಮ್ಮಜ್ಜಿ ಇದನ್ನ ಯಾವ ಅಂಗಡೀಲಿ ತಗೊಂಡ್ರಂತೆ?" ಎಂದಳು ಪಕ್ಕದ ಮೇಜಿನಲ್ಲಿ ಬೆಳಕಿನ ಕೆಲಸ ನೋಡುವವಳು. ಎಲ್ಲರೊಂದಿಗೆ ಚೌರಿ ಅಕ್ಕನೂ ನಕ್ಕಳು. ಮಾತು ಮಾತ್ರ ಮುಳ್ಳಿನಂತೆ ಒಳಗೇ ಉಳಿಯಿತು.

ಶುಕ್ರವಾರ ನಿರ್ದೇಶಕ ಬಂದು ಅವಳ ಕುರ್ಚಿಯ ಹಿಂದೆ ನಿಂತ. ಬಯ್ಯುವ ಜಾತಿಯವನಲ್ಲ. ಸೋಮವಾರ ಬೆಳಿಗ್ಗೆ ನೋಡುತ್ತೇನೆ, ಸರಿಬರದಿದ್ದರೆ ಅಜ್ಜಿಯ ತಲೆಗೆ ಒಂದು ವಸ್ತ್ರ ಕಟ್ಟಿಬಿಡೋಣ, ನೋಡುವವರಿಗೆ ಅದೇನೂ ಕೊರತೆ ಅನ್ನಿಸುವುದಿಲ್ಲ ಎಂದ. ವಸ್ತ್ರ ಬಂತೆಂದರೆ ಮೊಮ್ಮಗಳು ಅಜ್ಜಿಯ ತಲೆ ಬಾಚುವ ದೃಶ್ಯ ಹೋಯಿತು ಎಂದೇ ಅರ್ಥ. ಇಡೀ ಚಿತ್ರದಲ್ಲಿ ಯಾರೂ ತುಟಿ ಬಿಚ್ಚದ ಒಂದೇ ಒಂದು ನಿಮಿಷ ಅದು. ಆ ನಿಮಿಷಕ್ಕಾಗಿಯೇ ಅವಳು ಈ ಕೆಲಸಕ್ಕೆ ಹ್ಞೂಂ ಅಂದಿದ್ದಳು.

"ವಸ್ತ್ರ ಬೇಡ. ಸೋಮವಾರ ತಲೆ ತೋರಿಸ್ತೀನಿ" ಎಂದಳು. ಹೇಗೆ ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಮನೆಯಲ್ಲಿದ್ದವಳು ಸೋದರತ್ತೆ. ಚಿಕ್ಕಂದಿನಿಂದ ಸಾಕಿದವಳೂ ಅವಳೇ, ಕೂದಲಿಗೆ ಗಂಟು ಹಾಕುವುದನ್ನು ಕೈಹಿಡಿದು ಕಲಿಸಿದವಳೂ ಅವಳೇ. ಈಗ ಎಪ್ಪತ್ತಾರು. ತಾನೇ ಕಟ್ಟಿಕೊಂಡ ಬೂದುಬಣ್ಣದ ವಿಗ್ಗನ್ನು ಹನ್ನೊಂದು ವರ್ಷದಿಂದ ಧರಿಸುತ್ತಿದ್ದಳು. ಜ್ವರ ಬಂದು ಮಲಗಿದಾಗಲೂ ಅದನ್ನು ತೆಗೆದವಳಲ್ಲ. ಚೌರಿ ಅಕ್ಕನೂ ಆ ತಲೆಯನ್ನು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ.

ಶನಿವಾರ ಚೌರಿ ಅಕ್ಕ ಲ್ಯಾಪ್‌ಟಾಪನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಅಜ್ಜಿಯನ್ನು ತೋರಿಸಿದಳು. ಅತ್ತೆ ಕನ್ನಡಕ ಏರಿಸಿ, ತಲೆಯನ್ನು ಆ ಕಡೆ ತಿರುಗಿಸು, ಈ ಕಡೆ ತಿರುಗಿಸು ಎಂದು ಬಹಳ ಹೊತ್ತು ನೋಡಿದಳು.

"ಕೆಲಸ ಚೆನ್ನಾಗಿದೆ. ಅದೇ ತೊಂದ್ರೆ" ಎಂದಳು. "ನಿಂಗೆ ಮೊದಲನೇ ದಿನ ನಾನು ಏನು ಹೇಳ್ಕೊಟ್ಟೆ?"

"ನೆತ್ತಿ ಕಾಣಬಾರದು ಅಂತ."

"ಈ ಮುದುಕಿಗೂ ಅದನ್ನೇ ಮಾಡಿದೀಯ. ಯಾವ ಮುದುಕಿಗೆ ಇಷ್ಟು ಕೂದಲಿರುತ್ತೆ, ಹೇಳು?"

ಚೌರಿ ಅಕ್ಕನಿಗೆ ತಲೆಯ ಮೇಲೆ ತಣ್ಣೀರು ಸುರಿದಂತಾಯಿತು. ಹದಿನೆಂಟು ವರ್ಷ ಬೇರೆಯವರ ನೆತ್ತಿ ಮುಚ್ಚಿ ಮುಚ್ಚಿ, ಅವಳ ಕೈಗೆ ತೆರವು ಜಾಗ ಎಂದರೆ ತಪ್ಪು ಎಂದೇ ಗೊತ್ತಿತ್ತು. ಎಲ್ಲಿ ಒಂದಿಷ್ಟು ಚರ್ಮ ಕಂಡರೂ ಕೈ ತಾನಾಗಿಯೇ ಹೋಗಿ ತುಂಬುತ್ತಿತ್ತು. ಕೇಳಬಾರದ್ದನ್ನು ಕೇಳಿಯೇಬಿಟ್ಟಳು.

"ಅತ್ತೆ, ನಿನ್ನ ತಲೆ ನೋಡ್ಬೇಕು."

ಅತ್ತೆ ಕೇಳಿಸದವಳಂತೆ ಎದ್ದು ಹೋಗಿ ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಭಾನುವಾರ ಬೆಳಿಗ್ಗೆ ಅತ್ತೆ ಎಂದಿಗಿಂತ ತುಸು ಹೆಚ್ಚು ಹೊತ್ತು ಕೈಮುಗಿದು ಕೂತಿದ್ದಳು. ಎದ್ದವಳೇ ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡಳು. ಒಂದೊಂದೇ ಪಿನ್ನು ತೆಗೆದು ಮಡಿಲಲ್ಲಿ ಹಾಕಿಕೊಂಡು, ವಿಗ್ಗನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡಳು.

"ನೋಡು. ನಕ್ಕರೆ ಮಾತ್ರ ತಿರುಗಿ ಹಾಕ್ಕೊಂಡ್ಬಿಡ್ತೀನಿ."

ನಗು ಎಲ್ಲಿಂದ ಬರಬೇಕು. ಸುಳಿ ನಡುನೆತ್ತಿಯಲ್ಲಿರಲಿಲ್ಲ, ಎರಡು ಬೆರಳಷ್ಟು ಎಡಕ್ಕೆ ಸರಿದಿತ್ತು. ಅದರ ಸುತ್ತ ಶಂಖದ ಒಳಮೈಯಂಥ ಚರ್ಮ ಹೊಳೆಯುತ್ತಿತ್ತು. ಯಾವ ಕೂದಲೂ ನೆಟ್ಟಗೆ ನಿಂತಿರಲಿಲ್ಲ. ಓರೆಯಾಗಿ ಹುಟ್ಟಿ, ಸುಳಿಯನ್ನು ಒಮ್ಮೆ ಬಳಸಿ, ಆಮೇಲೆ ತನ್ನ ದಾರಿ ಹಿಡಿದಿತ್ತು. ಬೆವರಿಗೆ ಐದಾರು ಎಳೆ ಒಂದಕ್ಕೊಂದು ಆತುಕೊಂಡಿದ್ದವು, ಅಂಥ ಎರಡು ಗುಂಪುಗಳ ನಡುವೆ ಕಾಲುದಾರಿಯಂತೆ ಬರಿ ಚರ್ಮ. ಕಿವಿಯ ಮೇಲ್ಗಡೆ ಕೆಲವು ಎಳೆ ಇನ್ನೂ ಕಪ್ಪಾಗಿದ್ದವು, ಹಣೆಯಂಚಿನಲ್ಲಿ ಮುರಿದ ತುಂಡು ಕೂದಲು. ಕೊಟ್ಟವನು ಹಿಂದಕ್ಕೆ ತೆಗೆದುಕೊಳ್ಳುವಾಗಲೂ ಒಂದು ಕ್ರಮದಲ್ಲೇ ತೆಗೆದುಕೊಳ್ಳುತ್ತಾನೆ ಎಂದು ಅವಳಿಗೆ ಆ ಬೆಳಕಿನಲ್ಲಿ ಕಂಡಿತು. ಮನಸ್ಸಿನಲ್ಲೇ ಕೈಮುಗಿದಳು.

ನಂತರ ಮೂರು ವಾರದ ಕೆಲಸವನ್ನು ಒಂದೇ ಏಟಿಗೆ ಅಳಿಸಿ ಹಾಕಿದಳು. ಪರದೆಯ ಬೋಳು ತಲೆಯ ಮೇಲೆ ಗುರುತಿಗೆ ಬಣ್ಣ ಬಳಿದಳು: ಬಿಳಿ ಇದ್ದಲ್ಲಿ ಕೂದಲು ದಟ್ಟ, ಬೂದು ಇದ್ದಲ್ಲಿ ವಿರಳ, ಕಪ್ಪಿದ್ದಲ್ಲಿ ಏನೂ ಬೆಳೆಯಕೂಡದು. ಈ ಸಲ ಕತ್ತಿನಿಂದಲ್ಲ, ಸುಳಿಯಿಂದ ಹೊರಟಳು. ಡಿಜಿಟಲ್ ಪೆನ್ನು ಹಳೆಯ ಚಾಳಿಯಂತೆ ತೆರವಿನ ಕಡೆ ವಾಲಿದಾಗಲೆಲ್ಲ ಹಲ್ಲು ಕಚ್ಚಿ ಹಿಂದಕ್ಕೆಳೆದಳು. ಅತ್ತೆ ಮೊದಮೊದಲು ಕತ್ತು ಕಲ್ಲಾಯಿತು ಎಂದು ಗೊಣಗಿದಳು. ಆಮೇಲೆ ಪರದೆಯತ್ತ ಬಗ್ಗಿ ನೋಡತೊಡಗಿದಳು. ನೋಡುತ್ತ ನೋಡುತ್ತ ಅವಳೊಳಗಿನ ಹಳೆಯ ಗುರು ಎದ್ದು ಕೂತಳು.

"ಅಲ್ಲಿ ಇನ್ನೂ ಜಾಸ್ತಿ ಇದೆ. ತೆಗಿ."

"ಇನ್ನೂ ತೆಗೆದ್ರೆ ಏನೂ ಉಳಿಯಲ್ಲ ಅತ್ತೆ."

"ನನ್ನ ತಲೆ ನಂಗೊತ್ತಾ, ನಿಂಗೊತ್ತಾ? ತೆಗಿ ಅಂದ್ರೆ ತೆಗಿ."

ತೆಗೆದಳು. ಮೊದಲಿದ್ದುದರಲ್ಲಿ ಮೂರನೇ ಒಂದು ಪಾಲು ಕೂದಲಷ್ಟೇ ಉಳಿಯಿತು. ಬಿಸಿಲು ಕಿಟಕಿಯಿಂದ ಜಾರಿ ಎದುರಿನ ಗೋಡೆ ಹತ್ತುವ ಹೊತ್ತಿಗೆ ಪರದೆಯ ಅಜ್ಜಿ ನಿಜವಾಗಿ ಮುದುಕಿಯಾಗಿದ್ದಳು.

ಸೋಮವಾರ ನಿರ್ದೇಶಕ ತಲೆಯನ್ನು ತಾನೇ ತಿರುಗಿಸಿದ. ನೆತ್ತಿಯ ಹತ್ತಿರಕ್ಕೆ ಬಂದು ನಿಲ್ಲಿಸಿದ.

"ಇಲ್ಲಿ ಚರ್ಮ ಕಾಣ್ತಿದೆ."

"ಹೌದು. ಕಾಣಬೇಕು."

ಅವಳು ತಲೆ ಬಾಚುವ ದೃಶ್ಯದ, ಸಿದ್ಧಮಾಡಿಟ್ಟಿದ್ದ ತುಣುಕನ್ನು ಓಡಿಸಿದಳು. ಬಾಚಣಿಗೆ ಹಾದುಹೋಯಿತು, ತೆಳ್ಳನೆಯ ಜೊಂಪೆಗಳು ಬೇರೆಯಾದವು, ಬರಿ ನೆತ್ತಿ ಒಂದು ಕ್ಷಣ ಬೆಳಗಿತು, ಕೂದಲು ಮೆಲ್ಲನೆ ಮರಳಿ ಸುಳಿಯ ಸುತ್ತ ಒರಗಿತು. ಬೆಳಕಿನ ಕೆಲಸದವಳು ಈ ಸಲ ಎದ್ದು ಬಂದು ಹತ್ತಿರದಿಂದ ನೋಡಿದಳು. ನಿರ್ದೇಶಕ ಪಕ್ಕದ ಕುರ್ಚಿ ಎಳೆದು ಕೂತು, ಅದನ್ನು ಮತ್ತೆ ಮೂರು ಸಲ ನೋಡಿದ. ಆಮೇಲೆ ಅಜ್ಜಿಯ ತಲೆವಸ್ತ್ರವನ್ನು ಕಂಪ್ಯೂಟರಿನಲ್ಲಿ ರೂಪಿಸುತ್ತಿದ್ದ ಹುಡುಗಿಗೆ ಅದನ್ನು ಬಿಟ್ಟು ಬೇರೆ ಕೆಲಸ ಹಿಡಿಯಲು ಹೇಳಿ ಕಳಿಸಿದ.

"ಒಂದೇ ಮಾತು ಅಕ್ಕ" ಎಂದ ಏಳುತ್ತ. "ನಮ್ಮ ಚಿತ್ರದ ಮೊಮ್ಮಗಳು ಎಡಗೈಯವಳು. ಬಾಚಣಿಗೆ ಆ ಕಡೆಯಿಂದ ಬರ್ಬೇಕು."

ಆ ಕಡೆಯಿಂದ ಬಂದರೆ ಸುಳಿಗೆ ಎದುರು. ಪ್ರತಿ ಎಳೆಯೂ ಮೊದಲು ನಿಗುರಿ ಆಮೇಲೆ ಬಾಗಬೇಕು. ಹುಟ್ಟಿದ ಓರೆಯನ್ನೆಲ್ಲ ಮತ್ತೊಮ್ಮೆ ಲೆಕ್ಕ ಹಿಡಿಯಬೇಕು.

"ಗುರುವಾರಕ್ಕೆ ಕೊಡ್ತೀನಿ" ಎಂದು ಚೌರಿ ಅಕ್ಕ ಕುರ್ಚಿಯನ್ನು ಮುಂದಕ್ಕೆಳೆದು ಪೆನ್ನು ಎತ್ತಿಕೊಂಡಳು.