ಕೇಳಿದವರಿಗೆಲ್ಲ ಸರದಿ

ಏನಾಗಬೇಕು, ಏನಾಗಬಾರದು ಎಂದು ತರ್ಕದ ಭಾಷೆಯಲ್ಲಿ ಬರೆದುಕೊಟ್ಟರೆ ಸಾಕು, ಹೇಗೆ ಮಾಡಬೇಕೆಂಬುದನ್ನು ಕಂಪ್ಯೂಟರೇ ಕಂಡುಹಿಡಿಯಬೇಕು. ಅದು ಕಟ್ಟಿದ ವ್ಯವಸ್ಥೆ ಇಬ್ಬರಿದ್ದರೂ ಇನ್ನೂರು ಜನರಿದ್ದರೂ ಕೆಡಬಾರದು. ಇದೇ ನನ್ನ ಹನ್ನೊಂದು ವರ್ಷಗಳ ಸಂಶೋಧನೆ.

"ಹೇಗೆ ಅಂತ ಹೇಳದೆ ಕೆಲಸ ಒಪ್ಪಿಸೋದು ನಿಂಗೆ ಹುಟ್ಟುಗುಣ ಬಿಡು," ಎನ್ನುತ್ತಾಳೆ ಅಕ್ಕ.

ಅಮ್ಮನ ಹೃದಯದ ಆಪರೇಷನ್ ದಿನ ನನ್ನ ವಿದ್ಯೆಗೆ ಕಾಲ ಕೂಡಿಬಂತು. ಆಪರೇಷನ್ ನಾಲ್ಕು ಗಂಟೆಗೆ. ಅಲ್ಲಿಯವರೆಗೆ ಅಮ್ಮನನ್ನು ನೋಡಲು ವಾರ್ಡಿಗೆ ಒಂದೇ ಪಾಸು, ಒಳಗೆ ಒಬ್ಬರೇ. ಬೆಳಗ್ಗೆ ಅಕ್ಕ, ತಮ್ಮ, ನಾನು ಮೂವರೇ ಇದ್ದೆವು. ಚಿಕ್ಕಮ್ಮ ಮೂವರು ಮಕ್ಕಳೊಂದಿಗೆ ಬಂದಮೇಲೆ ಏಳಾದೆವು, ಪಾಸಿಗಾಗಿ ಕಿತ್ತಾಟ ಶುರುವಾಯಿತು. ನಾನು ಕಾರಿಡಾರಿನಲ್ಲೇ ಲ್ಯಾಪ್‌ಟಾಪ್ ತೆರೆದು ಎರಡು ಷರತ್ತು ಬರೆದೆ: ಒಳಗೆ ಎಂದೂ ಇಬ್ಬರಿರಬಾರದು, ಕೇಳಿದವರಿಗೆಲ್ಲ ಸರದಿ ಸಿಕ್ಕೇ ಸಿಗಬೇಕು.

ಉತ್ತರ ಬಂತು. ದುಂಡಗೆ ಕೂತುಕೊಳ್ಳಿ. ಪಾಸು ಕೈಗೆ ಬಂದಾಗ ಬೇಕಿದ್ದರೆ ಒಮ್ಮೆ ಹೋಗಿಬನ್ನಿ, ಆಮೇಲೆ ಬಲಗಡೆಯವರಿಗೆ ಕೊಡಿ.

"ಇದನ್ನ ಹೇಳೋಕೆ ಕಂಪ್ಯೂಟರ್ ಬೇಕಾ?" ಎಂದ ತಮ್ಮ.

"ಏಳು ಜನಕ್ಕೆ ಬೇಡ. ಎಷ್ಟೇ ಜನ ಬಂದ್ರೂ ಇದು ಸರಿಹೋಗತ್ತೆ ಅನ್ನೋಕೆ ಬೇಕು," ಎಂದೆ. ಬೆಟ್ಟ ಅಗೆದು ಇಲಿ ಹಿಡಿದವನಿಗೆ ಆ ಇಲಿಯ ಮೇಲೆ ಅಭಿಮಾನ ಜಾಸ್ತಿ.

ಆದರೆ ಜಗಳ ನಿಂತಿತು. ಇನ್ನೂ ಇಬ್ಬರು ನೆಂಟರು ಬಂದು ನಡುವೆ ಕೂತರೂ ಏನೂ ಕೆಡಲಿಲ್ಲ. ಪಾಸು ನಾಲ್ಕು ಸಲ ನನ್ನ ಕೈಗೂ ಬಂತು. ನಾಲ್ಕೂ ಸಲ, ವ್ಯವಸ್ಥೆ ನೋಡಿಕೊಳ್ಳುವವನು ಎದ್ದು ಹೋದರೆ ಹೇಗೆ ಎಂಬ ಮುಖ ಮಾಡಿಕೊಂಡು ಅದನ್ನು ಚಿಕ್ಕಮ್ಮನಿಗೆ ದಾಟಿಸಿದೆ. ನಿಜ ಹೇಳಬೇಕೆಂದರೆ ಹೆದರಿಕೆ. ಇದೇ ಕೊನೆಯ ನೋಟವೇನೋ ಎಂದು ಅಮ್ಮನ ಮುಂದೆ ಅತ್ತುಬಿಡುತ್ತೇನೆಂಬ ಹೆದರಿಕೆ.

ಮೂರೂವರೆಗೆ ಬಾಗಿಲು ತೆರೆದು ಅಮ್ಮನನ್ನು ಸ್ಟ್ರೆಚರಿನಲ್ಲಿ ಹೊರಗೆ ತಂದರು. ಪಾಸು ಆಗ ತಮ್ಮನ ಕೈಯಲ್ಲಿತ್ತು. ನನ್ನ ವ್ಯವಸ್ಥೆ ಎಳ್ಳಷ್ಟೂ ತಪ್ಪಿರಲಿಲ್ಲ. ಕೇಳಿದವರೆಲ್ಲ ಅಮ್ಮನನ್ನು ನೋಡಿದ್ದರು, ಕೇಳದವನು ನಾನೊಬ್ಬನೇ. ಅಳದ ಮಗುವಿಗೆ ತಾಯಿಯೂ ಹಾಲು ಕೊಡುವುದಿಲ್ಲ ಎಂಬ ಹಳೇ ಗಾದೆಯನ್ನೇ ನಾನು ಹನ್ನೊಂದು ವರ್ಷ ತರ್ಕದ ಚಿಹ್ನೆಗಳಲ್ಲಿ ಬರೆದುಕೊಂಡು ಬಂದಿದ್ದೆ.

"ಸ್ವಲ್ಪ ನಿಲ್ಸಪ್ಪಾ," ಎಂದು ಸ್ಟ್ರೆಚರ್ ತಳ್ಳುವವನಿಗೆ ಹೇಳಿ ಅಮ್ಮ ನನ್ನ ಕೈ ಹಿಡಿದಳು. "ಎಲ್ರೂ ಬಂದ್ರು, ನೀನೊಬ್ಬ ಬರ್ಲಿಲ್ವಲ್ಲೋ."

"ನಾನು ಕೇಳ್ಲಿಲ್ಲಮ್ಮ."

"ನೀನು ಯಾವತ್ತು ಕೇಳಿದ್ದೆ? ಕೂಸಿದ್ದಾಗ್ಲೂ ಹಸಿದ್ರೆ ಅಳ್ತಿರ್ಲಿಲ್ಲ. ಗಡಿಯಾರ ನೋಡ್ಕೊಂಡು ನಾನೇ ಎಬ್ಬಿಸಿ ಹಾಲು ಕೊಡ್ತಿದ್ದೆ."

ಅಷ್ಟು ಜನರೆದುರು, ಪಾಸಿಲ್ಲದೆ, ಸರದಿಯಿಲ್ಲದೆ, ನಾನು ಗಟ್ಟಿಯಾಗಿ ಅತ್ತೆ.